ಅತ್ತೆಯ ಹನ್ನೆರಡು ವಾಟ್

ನನ್ನ ಅತ್ತೆಯ ಶಕ್ತಿ ಹನ್ನೆರಡು ವಾಟ್ ಎಂದು ಲೆಕ್ಕ ಹಾಕಿದ ದಿನ ಕೈಗಡಿಯಾರ ಹಿಡಿದುಕೊಂಡು ನಿಂತಿದ್ದವಳು ನಾನು. ಆಗ ನನಗೆ ಹದಿಮೂರು ವರ್ಷ. ಐವತ್ತರ ದಶಕದ ನಡುವಿನ ಮಾತು. ಅದರಲ್ಲಿ ನನ್ನ ಪಾಲೆಷ್ಟು ಎಂಬುದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಮದುವೆಯಾದ ಹೊಸದರಲ್ಲಿ ಗಂಡನಿಗೆ ಅರ್ಧ ಹೇಳಿದ್ದೆ. ಅವರು ನಕ್ಕರು. ಉಳಿದರ್ಧ ಹೇಳಲಿಲ್ಲ.

ನಮ್ಮ ಮನೆ ತಿರುವಲ್ಲಿಕ್ಕೇಣಿಯಲ್ಲಿತ್ತು. ತಾತ ಕಟ್ಟಿಸಿದ್ದು. ಕೆಳಗಿನ ಎರಡು ಭಾಗಗಳಲ್ಲಿ ಬಾಡಿಗೆಯವರು, ಮಹಡಿಯಲ್ಲಿ ನಾವು: ಅಪ್ಪ, ಅಮ್ಮ, ನಾನು ಮತ್ತು ಅತ್ತೆ. ನೀರಿನ ನಲ್ಲಿ ಇದ್ದದ್ದು ಕೆಳಗೆ, ಅಂಗಳದ ಮೂಲೆಯಲ್ಲಿ. ಸ್ನಾನದ ಮನೆ ಮತ್ತು ಸಿಮೆಂಟಿನ ತೊಟ್ಟಿ ಇದ್ದದ್ದು ಮೇಲೆ, ನಾವು ಮೊಟ್ಟೆಮಾಡಿ ಎಂದು ಕರೆಯುತ್ತಿದ್ದ ಬಯಲು ತಾರಸಿಯ ಮೇಲೆ. ನಡುವೆ ಒಬ್ಬರೇ ಹತ್ತಬಹುದಾದ ಕಡಿದಾದ ಮೆಟ್ಟಿಲು. ನಲ್ಲಿಯ ನೀರು ಆ ಎತ್ತರಕ್ಕೆ ತಾನಾಗಿ ಏರುತ್ತಿರಲಿಲ್ಲ. ಅತ್ತೆ ಏರಿಸುತ್ತಿದ್ದರು.

ಅತ್ತೆ ಅಪ್ಪನ ತಂಗಿ. ಹದಿನಾರಕ್ಕೆ ಕುಂಭಕೋಣದ ಕಡೆಯ ಒಬ್ಬರಿಗೆ ಮದುವೆ ಮಾಡಿಕೊಟ್ಟಿದ್ದರಂತೆ. ವರ್ಷ ತುಂಬುವುದರೊಳಗೆ ಆತ ಅವರನ್ನು ಟ್ರಂಕಿನ ಸಮೇತ ರೈಲು ಹತ್ತಿಸಿ, ಬೇರೆ ಮದುವೆ ಮಾಡಿಕೊಂಡ. ಕಾರಣ ಏನೆಂದು ನನಗೆ ಯಾರೂ ಹೇಳಲಿಲ್ಲ. ಅತ್ತೆಗೇ ಗೊತ್ತಿತ್ತೋ ಇಲ್ಲವೋ. ಕೆಳಗಿನ ಮನೆಯವರು ಅವರ ಬೆನ್ನ ಹಿಂದೆ ‘ವಾಳಾವೆಟ್ಟಿ’ ಎನ್ನುತ್ತಿದ್ದರು. ಗಂಡನ ಜೊತೆ ಬಾಳದೆ ತವರಿಗೆ ಬಂದು ಬಿದ್ದವಳು ಎಂದು ಅದರರ್ಥ. ಕೊರಳಲ್ಲಿ ತಾಳಿ, ಹಣೆಯಲ್ಲಿ ಕುಂಕುಮ ಇದ್ದರೂ ಮುತ್ತೈದೆಯರ ಸಾಲಿನಲ್ಲಿ ಅವರನ್ನು ಕೂರಿಸುತ್ತಿರಲಿಲ್ಲ. ಅವರು ಅಳುವುದನ್ನು ನಾನು ಕಂಡಿಲ್ಲ. ಬೆಳಗಿನಿಂದ ನೀರು ಹೊರುವುದು, ರುಬ್ಬುವುದು, ಬಟ್ಟೆ ಒಗೆಯುವುದು, ಅಪ್ಪನ ಆಫೀಸು ಕೋಟಿಗೆ ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಹಾಕುವುದು, ಎಲ್ಲ ಅವರದೇ. ಎಲ್ಲರ ಊಟವಾದ ಮೇಲೆ ಅಡುಗೆಮನೆಯ ಗೋಡೆಗೆ ಒರಗಿ ತಾವು ಉಣ್ಣುತ್ತಿದ್ದರು. ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದವರೂ ಅವರೇ. ನೋವಾಗದಂತೆ ಬಾಚುತ್ತಿದ್ದರು. ಅಮ್ಮನಿಗೆ ಆ ತಾಳ್ಮೆ ಇರಲಿಲ್ಲ.

ಆ ವರ್ಷ ಅಮ್ಮನ ತಮ್ಮ, ನನ್ನ ಮಾಮ, ಎರಡು ವರ್ಷ ಹೊರದೇಶಗಳಲ್ಲಿದ್ದು ತಿರುಗಿ ಬಂದರು. ಅವರು ಎಲೆಕ್ಟ್ರಿಕಲ್ ಎಂಜಿನಿಯರು. ಇಂಗ್ಲೆಂಡಿನಲ್ಲಿ ತರಬೇತಿ, ಅಲ್ಲಿಂದ ನಾರ್ವೆ, ಅಮೆರಿಕ ಎಲ್ಲ ನೋಡಿ ಬಂದಿದ್ದರು. ನನಗೆ ಅವರು ದೇವರು. ಲೆಕ್ಕದಲ್ಲಿ ನಾನು ಚುರುಕು ಎಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವರು ಅವರು.

ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದರು. ಎಲೆಯ ಮುಂದೆ ಕೂತು, ತಲೆಯೆತ್ತಿ ದೀಪಗಳನ್ನು ಎಣಿಸಿದರು.

“ಏನು ಭಾವ, ಇಷ್ಟೇನಾ ನಿಮ್ಮನೆ ಪಾಯಿಂಟು?”

“ಆರು ಲೈಟು, ಒಂದು ಫ್ಯಾನು, ಒಂದು ರೇಡಿಯೋ. ಪೋದಾದಾ ನಿನಗೆ?” ಎಂದರು ಅಪ್ಪ. ಸಾಲದಾ ಎಂದು ಕೇಳಲು ನಮ್ಮ ಮನೆಯಲ್ಲಿ ತಮಿಳೇ ಬಾಯಿಗೆ ಬರುತ್ತಿತ್ತು.

“ಅಮೆರಿಕಾದಲ್ಲಿ ಒಬ್ಬ ಹೆಂಗಸು ಇಸ್ತ್ರಿಪೆಟ್ಟಿಗೆ ಸ್ವಿಚ್ ಹಾಕಿದ್ರೆ ಸಾಕು, ನಿಮ್ಮನೆ ಅಷ್ಟೂ ಲೋಡು ಅದೊಂದಕ್ಕೇ ಹೋಯ್ತು. ಆಮೇಲೆ ಫ್ರಿಜ್ಜು, ಬಟ್ಟೆ ಒಗೆಯೋ ಮಷಿನು, ಬಿಸಿನೀರಿನ ಟ್ಯಾಂಕು. ನಮ್ಮ ಬೀದಿಗೆ ಸಾಕಾಗೋಷ್ಟು ಕರೆಂಟು ಒಂದು ಮನೇಲಿ.”

ನಾನು ಎದ್ದು ಹೋಗಿ ಕೈ ತೊಳೆದು ನೋಟ್‌ಬುಕ್ಕು ತಂದೆ. ಮಾಮನಿಗೆ ಖುಷಿಯಾಯಿತು. ಹುಳಿ ಕಲಸುತ್ತ ಒಂದೊಂದೇ ದೇಶ ಹೇಳಿದರು. ನಾರ್ವೆಯಲ್ಲಿ ಜಲಪಾತಗಳು ಹೆಚ್ಚು, ಕರೆಂಟು ಅಗ್ಗ; ಅಡುಗೆಯೂ ಅದರಲ್ಲೇ, ಮನೆ ಬೆಚ್ಚಗಿಡುವುದೂ ಅದರಲ್ಲೇ. ಇಂಗ್ಲೆಂಡಿನಲ್ಲಿ ಇನ್ನೂ ಕಲ್ಲಿದ್ದಲು ಉರಿಸುತ್ತಾರೆ, ಆದರೆ ಟೀ ಕಾಯಿಸಲು ಕರೆಂಟಿನ ಕೆಟಲು. ಅಮೆರಿಕದ ವೋಲ್ಟೇಜು ನಮ್ಮದರ ಅರ್ಧ, ಆದರೂ ಖರ್ಚು ಎಲ್ಲರಿಗಿಂತ ಜಾಸ್ತಿ. ನಾನು ನಾಲ್ಕು ಕಂಬ ಗೆರೆ ಎಳೆದು ತುಂಬಿಸುತ್ತ ಹೋದೆ. ಕೊನೆಯ ಕಂಬಕ್ಕೆ ‘ನಮ್ಮ ಮನೆ’ ಎಂದು ಬರೆದೆ. ಅದು ಬೇಗ ಮುಗಿದುಹೋಯಿತು.

ಅತ್ತೆ ಸಾರಿನ ಪಾತ್ರೆ ಹಿಡಿದು ನಿಂತು ಕೇಳುತ್ತಿದ್ದರು. ಸಾಮಾನ್ಯವಾಗಿ ಗಂಡಸರು ಮಾತಾಡುವಾಗ ಅವರು ಬಾಯಿ ತೆರೆಯುವವರಲ್ಲ. ಅಂದು ಕೇಳಿದರು.

“ಅಲ್ಲ, ಎಲ್ಲಾನೂ ಮಷಿನೇ ಮಾಡಿಬಿಟ್ರೆ ಮನೆ ಹೆಂಗಸು ಏನು ಮಾಡ್ತಾಳೆ?”

ಮಾಮ ನಕ್ಕು ಏನೋ ಹೇಳಹೊರಟರು. ಅಪ್ಪ ಮೊದಲು ಹೇಳಿದರು: “ತವರಿಗೆ ವಾಪಸ್ ಕಳಿಸ್ತಾರೆ.”

ಅಮ್ಮ ಸೆರಗು ಬಾಯಿಗೆ ಹಿಡಿದರು. ಮಾಮ ಗಟ್ಟಿಯಾಗಿ ನಕ್ಕರು. ನಾನೂ ನಕ್ಕೆ. ಅತ್ತೆಯ ಕೈಯಲ್ಲಿದ್ದ ಸೌಟು ಒಂದು ಕ್ಷಣ ಪಾತ್ರೆಯೊಳಗೇ ನಿಂತಿತು. ಆಮೇಲೆ ಬಗ್ಗಿ ಅಪ್ಪನ ಎಲೆಗೇ ಮೊದಲು ಸಾರು ಬಡಿಸಿದರು.

ಊಟವಾದ ಮೇಲೆ ಮಾಮ, ಅಂಗಳದ ನಲ್ಲಿಯಿಂದ ತೊಟ್ಟಿಗೆ ನೀರೇರಿಸಲು ಒಂದು ಸಣ್ಣ ಮೋಟರು ಹಾಕಿಸಿ ಎಂದು ಅಪ್ಪನಿಗೆ ಹೇಳತೊಡಗಿದರು. ಅಪ್ಪನಿಗೆ ಮನಸ್ಸಿಲ್ಲ.

“ಯಾಕೆ? ಇವಳು ಏರಿಸ್ತಾಳಲ್ಲ. ಇಷ್ಟು ವರ್ಷ ನಮಗೇನು ನೀರಿಲ್ದೆ ಹೋಯ್ತಾ?”

“ಅವರು ಎಷ್ಟು ಏರಿಸ್ತಾರೆ, ಮೋಟರು ಎಷ್ಟು ಏರಿಸತ್ತೆ, ಹೋಲಿಸಿ ನೋಡೋಣ ಭಾವ. ಅಳೆದುಬಿಡೋಣ. ಇವಳಿಗೂ ಪಾಠ ಆಗತ್ತೆ” ಎಂದು ಮಾಮ ನನ್ನತ್ತ ತೋರಿಸಿದರು.

ಮಾಮ ಬಟ್ಟೆ ಒಣಹಾಕುವ ಹಗ್ಗವನ್ನು ಮೊಟ್ಟೆಮಾಡಿಯಿಂದ ಅಂಗಳಕ್ಕೆ ಇಳಿಬಿಟ್ಟು ಎತ್ತರ ಅಳೆದರು: ಇಪ್ಪತ್ನಾಲ್ಕು ಅಡಿ. ನಮ್ಮ ಹಿತ್ತಾಳೆ ಕೊಡದಲ್ಲಿ ಮೂರು ಗ್ಯಾಲನ್ ಹಿಡಿಯುತ್ತಿತ್ತು, ಅಂದರೆ ಮೂವತ್ತು ಪೌಂಡು ನೀರು. ಹತ್ತು ಕೊಡ ಹೊರಬೇಕು. ಮಾಮ ತಮ್ಮ ಕೈಗಡಿಯಾರ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಅದು ಬೆಚ್ಚಗಿತ್ತು, ಸೆಕೆಂಡಿನ ಮುಳ್ಳು ಕೆಂಪಗಿತ್ತು.

ಅತ್ತೆಗೆ ಇದು ಏನೆಂದು ಸರಿಯಾಗಿ ಅರ್ಥವಾಗಿರಲಿಲ್ಲ. ಮೂರನೇ ಕ್ಲಾಸಿಗೆ ಅವರ ಓದು ನಿಂತಿತ್ತು. ವಿಲಾಯಿತಿ ನೋಡಿ ಬಂದ ಎಂಜಿನಿಯರು ತಮ್ಮ ಕೆಲಸವನ್ನು ಪರೀಕ್ಷೆ ಮಾಡುತ್ತಾರೆ ಎಂದಷ್ಟೇ ತಿಳಿದರು. ಮುಖ ತೊಳೆದುಕೊಂಡು ಬಂದು ಸೆರಗು ಬಿಗಿಯಾಗಿ ಸುತ್ತಿ ಸಿಕ್ಕಿಸಿದರು. ಕೆಳಗಿನ ಬಾಡಿಗೆಯವರೆಲ್ಲ ಅಂಗಳಕ್ಕೆ ಬಂದು ನಿಂತರು.

“ಸ್ಟಾರ್ಟ್” ಎಂದೆ.

ಅತ್ತೆ ಓಡಿದರು. ಸೊಂಟದ ಮೇಲೆ ತುಂಬಿದ ಕೊಡ ಇಟ್ಟುಕೊಂಡು ಆ ಮೆಟ್ಟಿಲನ್ನು ಯಾರೂ ಓಡಿ ಹತ್ತುವುದಿಲ್ಲ. ಅವರು ದಿನಾ ನಿಧಾನವಾಗಿ, ನಡುವಿನ ತಿರುವಿನಲ್ಲಿ ಒಮ್ಮೆ ನಿಂತು ಹತ್ತುತ್ತಿದ್ದರು. ಅಂದು ನಿಲ್ಲಲಿಲ್ಲ. ಮೂರು ಕೊಡದವರೆಗೆ ಅವರ ಮುಖದಲ್ಲಿ ನಗುವಿತ್ತು. ಐದನೆಯದಕ್ಕೆ ಉಸಿರು ಕೇಳತೊಡಗಿತು. ಏಳನೆಯದಕ್ಕೆ ಮೆಟ್ಟಿಲ ಮೇಲೆ ಕಾಲು ಜಾರಿ ಮೊಣಕಾಲು ಬಡಿಯಿತು. ಕೊಡ ಬಿಡಲಿಲ್ಲ.

“ಅಯ್ಯೋ ಪಾವಂ, ಸಾಕು ಬಿಡು” ಎಂದರು ಅಮ್ಮ ಮೇಲಿನಿಂದ.

“ಮಧ್ಯೆ ನಿಲ್ಲಿಸಿದ್ರೆ ಲೆಕ್ಕ ಕೆಡತ್ತೆ” ಎಂದವಳು ನಾನು.

ಹತ್ತನೆಯ ಕೊಡ ಸುರಿದು ಅವರು ಕೆಳಗೆ ಬಂದಾಗ ಹದಿಮೂರು ನಿಮಿಷ ಇಪ್ಪತ್ತು ಸೆಕೆಂಡು ಆಗಿತ್ತು. ಅತ್ತೆ ನಲ್ಲಿಯ ಕಟ್ಟೆಯ ಮೇಲೆ ಕೂತು, ತೊಯ್ದ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಮ್ಮ ಕಡೆ ನೋಡುತ್ತಿದ್ದರು. ಮಾಮ ನನ್ನಿಂದಲೇ ಲೆಕ್ಕ ಮಾಡಿಸಿದರು. ಒಂದು ಕಡೆ ನನಗೆ ಅನುಮಾನ ಬಂತು.

“ಮಾಮ, ಅತ್ತೆಯ ತೂಕಾನೂ ಸೇರಿಸಬೇಕಲ್ವಾ? ಅವರೂ ಮೇಲೆ ಹೋದ್ರಲ್ಲ.”

“ಅವರ ಮೈ ಮೇಲೆ ಹೋದ್ರೆ ಯಾರಿಗೆ ಪ್ರಯೋಜನ? ನಮಗೆ ಬೇಕಾದ್ದು ನೀರು. ಬರೀ ನೀರು ಹಿಡಿ. ಆದರೆ ಇಳಿದು ಬರೋ ಹೊತ್ತು ದಂಡ, ಅದನ್ನ ಸೇರಿಸಬೇಕು.”

ಹಾಗೆ ಹಿಡಿದು ಹಾಕಿದಾಗ ಬಂದದ್ದು ಹನ್ನೆರಡು ವಾಟ್. ಕಾಲು ಕುದುರೆಶಕ್ತಿಯ ಸಣ್ಣ ಮೋಟರಿಗೆ ಇಂಥವರು ಹದಿನೈದು ಜನ ಬೇಕು ಎಂದರು ಮಾಮ. ಹನ್ನೆರಡು ವಾಟ್ ಎಂದರೆ ಎಷ್ಟು ಎಂದು ಅಪ್ಪ ಕೇಳಿದರು. ನನಗೆ ತಟ್ಟನೆ ಹೊಳೆಯಿತು. ದೇವರ ಮನೆಯಲ್ಲಿ ಒಂದು ಪುಟ್ಟ ಕೆಂಪು ಬಲ್ಬಿತ್ತು. ಅಂಗಡಿಯವರು ಅದನ್ನು ಜೀರೋ ವಾಟ್ ಎಂದು ಮಾರುತ್ತಾರೆ, ನಿಜಕ್ಕೂ ಹನ್ನೆರಡೋ ಹದಿನೈದೋ ತಿನ್ನುತ್ತದೆ ಎಂದು ಮಾಮನೇ ಹೇಳಿದ್ದರು.

“ಅತ್ತೆ ಜೀರೋ ಬಲ್ಬು!” ಎಂದೆ.

ಅಂಗಳ ಪೂರಾ ನಕ್ಕಿತು. ಅತ್ತೆಯೂ ನಕ್ಕರು. “ಹನ್ನೆರಡು ಒಳ್ಳೇದಾ ಕಣ್ಣಾ? ಪಾಸಾ?” ಎಂದು ನನ್ನನ್ನು ಕೇಳಿದರು. ನಾನು ಉತ್ತರ ಹೇಳುವ ಮೊದಲೇ ಅಪ್ಪ ಹೇಳಿದರು: “ಹನ್ನೆರಡು ವಾಟು ಸುಮ್ನೆ ಸಿಗ್ತಿರುವಾಗ ಮೋಟರು ಯಾಕೆ?”

ಹೆಸರು ಅಂಟಿಕೊಂಡಿತು. ಅಪ್ಪ ಮೊದಮೊದಲು ತಮಾಷೆಗೆ ಕರೆದರು, ಆಮೇಲೆ ರೂಢಿಯಾಯಿತು. ಅತ್ತೆ ಮಧ್ಯಾಹ್ನ ಸ್ವಲ್ಪ ಒರಗಿದರೆ “ಜೀರೋ ಫ್ಯೂಸ್ ಹೋಯ್ತಾ?” ಎನ್ನುತ್ತಿದ್ದರು. ಕೆಳಗಿನ ಮನೆಯ ಹುಡುಗಿಯರು ಕಲಿತರು. ಹಾಲಿನವನು ಕಲಿತ. ಅಮ್ಮ ಮೆದು ಸ್ವಭಾವದವರು, ಆದರೂ ಕೋಪ ಬಂದಾಗ ಅವರ ಬಾಯಲ್ಲೂ ಅದೇ ಬರುತ್ತಿತ್ತು. ಅತ್ತೆ ಕರೆದಾಗ ಓಗೊಡುತ್ತಿದ್ದರು. ಮೊಣಕಾಲಿನ ಗಾಯ ಮಾಗಲು ಬಹಳ ದಿನ ಹಿಡಿಯಿತು.

ಇಲ್ಲಿಯವರೆಗಿನದನ್ನೇ ನಾನು ಗಂಡನಿಗೆ ಹೇಳಿದ್ದು.

ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನದ ಭಾಷಣ ಸ್ಪರ್ಧೆ ಇತ್ತು. ತಮಿಳಿನಲ್ಲಿ ಮಾತಾಡಬೇಕು. ನಾನು ಮಾಮನ ನಾಲ್ಕು ಕಂಬಗಳನ್ನೇ ವಿಷಯ ಮಾಡಿಕೊಂಡೆ: ಬೇರೆ ಬೇರೆ ದೇಶಗಳ ಮನೆಗಳಿಗೆ ಎಷ್ಟೆಷ್ಟು ಮಿನ್‌ಸಾರ, ಅಂದರೆ ಕರೆಂಟು, ಬೇಕು. ಮೊದಲು ಬರೆದದ್ದು ಸಪ್ಪೆಯಾಗಿತ್ತು. ವಾಟು, ವೋಲ್ಟು ಎಂದರೆ ಯಾರು ಕೇಳುತ್ತಾರೆ? ಆಮೇಲೆ ನನಗೊಂದು ಉಪಾಯ ತೋಚಿತು. ವಾಟಿನ ಬದಲು ಅತ್ತೆಯನ್ನೇ ಅಳತೆಯಾಗಿ ಹಿಡಿದೆ. ಒಂದು ಅತ್ತೆ ಎಂದರೆ ಹನ್ನೆರಡು ವಾಟ್. ತಮಿಳಿನಲ್ಲೂ ಅದು ‘ಅತ್ತೈ’ಯೇ, ಹೆಚ್ಚು ಬದಲಿಸಬೇಕಾಗಿರಲಿಲ್ಲ.

ಆಯ್ಕೆಯಲ್ಲಿ ಗೆದ್ದೆ. ಬಹುಮಾನದ ದಿನ ಎಲ್ಲರ ಮುಂದೆ ಮತ್ತೆ ಮಾತಾಡಬೇಕಿತ್ತು. ಮನೆಯಿಂದ ಒಬ್ಬರು ದೊಡ್ಡವರು ಬರಬೇಕು. ಅಮ್ಮನಿಗೆ ಅಂದು ಮೈಲಾಪುರದಲ್ಲಿ ಒಂದು ಮದುವೆ. “ಅತ್ತೆನ ಕರ್ಕೊಂಡು ಹೋಗು” ಎಂದರು. ನಾನು ಬೇಡ ಎನ್ನಬಹುದಿತ್ತು. ಭಾಷಣದಲ್ಲಿ ಏನಿದೆ ಎಂಬುದು ನನಗೆ ಗೊತ್ತಿತ್ತು. ಅವರು ಎದುರಿಗಿದ್ದರೆ ಇನ್ನೂ ಚೆನ್ನಾಗಿರುತ್ತದೆ ಎಂದು ನನಗೆ ಅನಿಸಿತು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ, ಆದರೆ ಅನಿಸಿದ್ದು ಹಾಗೆಯೇ.

ಅತ್ತೆ ತಮ್ಮ ಮದುವೆಯ ಅರಗಿನ ಕಡುಗೆಂಪು ಬಣ್ಣದ ರೇಷ್ಮೆ ಸೀರೆ ಉಟ್ಟು ಬಂದರು. ಅವರು ಅದನ್ನುಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಡಿಕೆ ಬಿದ್ದಲ್ಲೆಲ್ಲ ಬಿಳಿ ಗೆರೆ. ತಾಯಂದಿರ ಸಾಲಿನಲ್ಲಿ, ಮೂರನೆಯ ಬೆಂಚಿನಲ್ಲಿ ಕೂತರು. ಪಕ್ಕದವರಿಗೆ “ನಮ್ಮ ಅಣ್ಣನ ಮಗಳು” ಎಂದು ನನ್ನನ್ನು ತೋರಿಸುತ್ತಿದ್ದುದು ವೇದಿಕೆಯಿಂದ ಕಾಣಿಸಿತು.

ನಾನು ಶುರು ಮಾಡಿದೆ. ನಮ್ಮ ಮನೆಯ ನೀರು, ಮೆಟ್ಟಿಲು, ಹತ್ತು ಕೊಡ, ಅತ್ತೆಯ ಓಟ, ಕಾಲು ಜಾರಿದ್ದು, ಎಲ್ಲ ಹೇಳಿದೆ. ಹೊತ್ತ ನೀರನ್ನು ಮಾತ್ರ ಹಿಡಿಯಬೇಕು, ಹೊರುವವರ ಮೈಯನ್ನು ಹಿಡಿಯಬಾರದು, ಅದರಿಂದ ಪ್ರಯೋಜನವಿಲ್ಲ ಎಂದು ವಿವರಿಸಿದೆ. ಇಂಗ್ಲೆಂಡಿನಲ್ಲಿ ಒಂದು ಲೋಟ ಟೀ ಕಾಯಿಸಲು ಎಷ್ಟು ಅತ್ತೆಯರು, ನಾರ್ವೆಯಲ್ಲಿ ಅನ್ನ ಬೇಯಿಸಲು ಎಷ್ಟು ಅತ್ತೆಯರು ಎಂದು ಒಂದೊಂದಾಗಿ ಹೇಳುತ್ತ ಹೋದೆ. ಅಮೆರಿಕದ ಇಸ್ತ್ರಿಪೆಟ್ಟಿಗೆಗೆ ಎಂಬತ್ತಮೂರು ಅತ್ತೆಯರು ಬೇಕು ಎಂದಾಗ ಸಭೆ ಬೆಂಚು ತಟ್ಟಿ ನಕ್ಕಿತು. “ಎಂಗಳ್ ವೀಟ್ಟಿಲೋ, ಒರೇ ಒರು ಅತ್ತೈ!” ಎಂದು ಮುಗಿಸಿದೆ. ನಮ್ಮ ಮನೆಯಲ್ಲಿ ಮಾತ್ರ ಒಬ್ಬರೇ ಒಬ್ಬರು ಅತ್ತೆ. ಚಪ್ಪಾಳೆ ನಿಲ್ಲಲೇ ಇಲ್ಲ.

ವಿಜ್ಞಾನದ ಟೀಚರು ಕಣ್ಣೊರೆಸಿಕೊಳ್ಳುತ್ತ, “ಈ ಅತ್ತೈ ನಿಜವಾಗಿ ಇದ್ದಾರಾ, ನಿನ್ನ ಕಲ್ಪನೆಯಾ?” ಎಂದು ತಮಿಳಿನಲ್ಲಿ ಕೇಳಿದರು.

ನಾನು ಮೂರನೆಯ ಬೆಂಚಿನ ಕಡೆ ಕೈ ತೋರಿಸಿದೆ.

ಎಲ್ಲರೂ ತಿರುಗಿದರು. ಅತ್ತೆಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎದ್ದು ನಿಲ್ಲಬೇಕೇನೋ ಎಂದು ಎದ್ದು ನಿಂತರು. ಕೈ ಮುಗಿದರು. ನಗು ಇನ್ನೊಮ್ಮೆ ಎದ್ದಿತು, ಮೊದಲಿನದಕ್ಕಿಂತ ಜೋರಾಗಿ. ಯಾರೋ ಹಿಂದಿನಿಂದ “ಉಕ್ಕಾರುಂಗೋ ಮಾಮಿ” ಎಂದರು. ಅತ್ತೆ ಕೂತುಕೊಂಡರು.

ಬಹುಮಾನಕ್ಕೆ ಒಂದು ಭೂಪಟದ ಪುಸ್ತಕ ಬಂತು. ಅದನ್ನು ಎದೆಗೊತ್ತಿಕೊಂಡು ನಾನು ಮುಂದೆ, ಅತ್ತೆ ಹಿಂದೆ, ಮನೆಗೆ ನಡೆದೆವು. ನಮ್ಮ ಬೀದಿಯ ಮೂಲೆಗೆ ಬಂದಾಗ ಅತ್ತೆ ಕೇಳಿದರು.

“ನೀರು ಮಾತ್ರಾನಾ ಮೇಲೆ ಹೋಗಿದ್ದು? ನಾನು ಹೋಗ್ಲಿಲ್ವಾ?”

“ಅದು ಲೆಕ್ಕ ಹಾಕೋ ರೀತಿ ಅತ್ತೆ, ನಿಮಗೆ ಅರ್ಥ ಆಗಲ್ಲ” ಎಂದೆ.

“ಅರ್ಥ ಆಯ್ತು” ಎಂದರು.

ಮರುದಿನ ಬೆಳಿಗ್ಗೆ ಅತ್ತೆ ನೀರು ಹೊರಲಿಲ್ಲ. ಸ್ನಾನ ಮಾಡಿ, ಕುಂಕುಮ ಇಟ್ಟುಕೊಂಡು, ಅಡುಗೆಮನೆಯ ಹೊರಗಿನ ಕಟ್ಟೆಯ ಮೇಲೆ ಕೂತಿದ್ದರು. ಅಮ್ಮ ಕರೆದರು, ಏಳಲಿಲ್ಲ. ಮೈ ಸರಿ ಇಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದರು, ಜ್ವರವಿರಲಿಲ್ಲ. ಅಪ್ಪ ತಂಬಿಗೆ ಹಿಡಿದು ಖಾಲಿ ತೊಟ್ಟಿಯ ಹತ್ತಿರ ನಿಂತು ಕೂಗಿದರು. ಅತ್ತೆ ಹೇಳಿದ್ದು ಒಂದೇ ಮಾತು: “ಮೋಟರು ಹಾಕಿಸ್ಕೋ ಅಣ್ಣಾ.”

ಅಪ್ಪ ಕೈಯೆತ್ತಲಿಲ್ಲ. ನಮ್ಮ ಮನೆಯಲ್ಲಿ ಹೊಡೆಯುವ ಪದ್ಧತಿ ಇರಲಿಲ್ಲ. ಅಮ್ಮನಿಗೆ ಹೇಳಿದರು, “ಉರೀದೇ ಇರೋ ಬಲ್ಬಿಗೆ ಕರೆಂಟ್ ಯಾಕೆ? ಇವಳಿಗೆ ಎಲೆ ಹಾಕ್ಬೇಡ.”

ಅಮ್ಮ ಹಾಕಲಿಲ್ಲ. ಅಂದೂ ಹಾಕಲಿಲ್ಲ, ಮರುದಿನವೂ ಹಾಕಲಿಲ್ಲ. ಅತ್ತೆ ಅದೇ ಕಟ್ಟೆಯ ಮೇಲೆ ಕೂತಿದ್ದರು, ನಲ್ಲಿಗೆ ಹೋಗಿ ನೀರು ಕುಡಿದು ಬರುತ್ತಿದ್ದರು. ನೀರು ಹೊರುವುದು ಅಮ್ಮನ ಮತ್ತು ನನ್ನ ಪಾಲಿಗೆ ಬಂತು. ನಾಲ್ಕನೆಯ ಕೊಡಕ್ಕೆ ನನ್ನ ಸೊಂಟ ಕಂದಿತು, ತಿರುವಿನಲ್ಲಿ ತಲೆ ಸುತ್ತಿ ಗೋಡೆ ಹಿಡಿದುಕೊಂಡೆ. ಎರಡನೆಯ ದಿನ ನನ್ನ ತಟ್ಟೆಯಲ್ಲಿ ನಾಲ್ಕು ಇಡ್ಲಿ ಇದ್ದವು. ಎರಡನ್ನು ಕದ್ದು ಅತ್ತೆಗೆ ಕೊಡಬಹುದಿತ್ತು. ಅಮ್ಮ ನೋಡಿದರೂ ನೋಡದ ಹಾಗೆ ಇರುತ್ತಿದ್ದರು ಎಂದು ಈಗ ಅನಿಸುತ್ತದೆ. ಆಗ ನನಗೆ ಬಂದದ್ದು ಕರುಣೆಯಲ್ಲ, ಸಿಟ್ಟು. ಇವರು ಸುಮ್ಮನೆ ಕೂತಿರುವುದರಿಂದ ನನ್ನ ಸೊಂಟ ನೋಯುತ್ತಿದೆ ಎಂಬ ಸಿಟ್ಟು. ನಾಲ್ಕನ್ನೂ ಅವರ ಎದುರಿಗೇ ತಿಂದೆ.

ಮೂರನೆಯ ದಿನ ಅಪ್ಪ ಆಫೀಸಿಗೆ ಹೊರಟು ಕೋಟಿನ ಗುಂಡಿ ಹಾಕಿಕೊಳ್ಳುವಾಗ ಅತ್ತೆ ಟ್ರಂಕು ಹಿಡಿದು ಬಂದು ನಿಂತರು.

“ಹೊರಡ್ತೀನಿ ಅಣ್ಣಾ.”

“ಎಲ್ಲಿಗೆ? ಕುಂಭಕೋಣಕ್ಕಾ? ಅವನು ಆರತಿ ಎತ್ತಿ ಕರ್ಕೊಳ್ತಾನೆ, ಹೋಗು.”

“ಪೆರಂಬೂರಿಗೆ. ಅಲ್ಲಿ ರೈಲ್ವೆ ವರ್ಕ್‌ಶಾಪಿನ ಹತ್ರ ಒಬ್ರು ಮೆಸ್ ಇಟ್ಟಿದಾರೆ. ದೇವಸ್ಥಾನದ ಪ್ರವಚನದಲ್ಲಿ ಪರಿಚಯ ಆದೋರು. ಅಡುಗೆಗೆ ಜನ ಬೇಕು ಅಂದಿದ್ರು.”

ಅಪ್ಪನ ಮುಖ ಬಿಗಿಯಿತು. “ರೈಲ್ವೆ ಕೂಲಿಗಳಿಗೆ ಬೇಯಿಸಿ ಹಾಕ್ತೀಯಾ? ಈ ಮನೆ ಹೆಣ್ಣು? ಆ ಮೆಟ್ಟಿಲು ಇಳಿದ್ರೆ ಮತ್ತೆ ಹತ್ತೋ ಹಾಗಿಲ್ಲ, ತೆರಿಯುಮಾ?”

“ಗೊತ್ತು” ಎಂದು ಅತ್ತೆ ಇಳಿದು ಹೋದರು. ಎರಡು ದಿನ ಉಣ್ಣದವರು, ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈ ಗೋಡೆಯ ಮೇಲೆ. ಯಾರೂ ಟ್ರಂಕು ಹಿಡಿಯಲಿಲ್ಲ.

ಮೂರು ವಾರದೊಳಗೆ ಅಪ್ಪ ಮೋಟರು ಹಾಕಿಸಿದರು. ಅದರ ಬಗ್ಗೆ ಚರ್ಚೆಯೇ ಆಗಲಿಲ್ಲ. ಅದು ಗೊರಗೊರ ಎನ್ನುತ್ತ ಒಂದು ಗಳಿಗೆಯಲ್ಲಿ ತೊಟ್ಟಿ ತುಂಬಿಸುತ್ತಿತ್ತು.

ಆ ದೀಪಾವಳಿಗೆ ಅತ್ತೆ ಒಂದು ಡಬ್ಬಿ ಮೈಸೂರುಪಾಕು ಮಾಡಿ ತಂದರು. ಅಪ್ಪ ಮೆಟ್ಟಿಲ ಮೇಲಿನ ತುದಿಯಲ್ಲಿ ನಿಂತು, “ಮೆಸ್ಸಿನ ಅಡುಗೆಯವಳು ಮಾಡಿದ್ದು ನಮ್ಮನೇಲಿ ತಿನ್ನಲ್ಲ” ಎಂದರು. ಅತ್ತೆ ಡಬ್ಬಿಯನ್ನು ಕೆಳಗಿನ ಮೆಟ್ಟಿಲ ಮೇಲಿಟ್ಟು ಹೋದರು. ಬಾಡಿಗೆಯವರ ಮಕ್ಕಳು ತಿಂದರು.

ಅರವತ್ತರ ದಶಕದ ಮೊದಲಲ್ಲಿ ನನ್ನ ಮದುವೆಯಾಯಿತು. ಅಮ್ಮ ಗುಟ್ಟಾಗಿ ಅತ್ತೆಗೆ ಕಾಗದ ಬರೆಸಿದ್ದರಂತೆ. ಅತ್ತೆ ಬಂದರು, ಛತ್ರದ ಬಾಗಿಲ ಬಳಿ ಕಂಬಕ್ಕೆ ಒರಗಿ ನಿಂತರು. ನಾನು ನನ್ನ ಹೊಸ ಅತ್ತೆ, ಅಂದರೆ ಗಂಡನ ತಾಯಿಯ ಪಕ್ಕದಲ್ಲಿದ್ದೆ. ಅವರದು ದೊಡ್ಡ ವಕೀಲರ ಮನೆತನ.

“ಯಾರು ಅವರು, ನಿನ್ನನ್ನೇ ನೋಡ್ತಿದಾರೆ?” ಎಂದು ಕೇಳಿದರು.

ಅತ್ತೆ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ನಾನು ಹೇಳಿದೆ: “ಪೆರಂಬೂರಲ್ಲಿ ಒಂದು ಮೆಸ್ಸಲ್ಲಿ ಅಡುಗೆ ಮಾಡ್ತಾರೆ. ನಮಗೆ ಪರಿಚಯ.”

“ಹೌದಾ? ಹಾಗಾದ್ರೆ ಒಳಗೆ ಸ್ವಲ್ಪ ನೋಡ್ಕೊಳ್ಳಿಮ್ಮಾ, ಪಾಯಸ ತಳ ಹಿಡೀತಿದೆ ಅಂತಿದ್ರು” ಎಂದು ಗಂಡನ ತಾಯಿ ಅತ್ತೆಗೇ ಹೇಳಿದರು.

ಅತ್ತೆ ನನ್ನ ಮುಖ ನೋಡಿದರು. ನಾನು ಕೈಯ ಮದರಂಗಿ ನೋಡುತ್ತ ನಿಂತೆ. ಅವರು ಒಳಗೆ ಹೋದರು. ಊಟದ ಪಂಕ್ತಿಯೆಲ್ಲ ಮುಗಿಯುವವರೆಗೆ ಪಾಯಸದ ಕೊಪ್ಪರಿಗೆಯ ಮುಂದೆ ಇದ್ದು, ಉಣ್ಣದೆ ಹೋದರೆಂದು ಅಡುಗೆಯವರು ಆಮೇಲೆ ಹೇಳಿದರು.

ಒಮ್ಮೆ ಮಾಮನ ಹತ್ತಿರ ಈ ವಿಷಯ ಎತ್ತಿದೆ. ಆಗ ಅವರು ದೊಡ್ಡ ಹುದ್ದೆಯಲ್ಲಿದ್ದರು. “ಯಾವ ಅತ್ತೆ?” ಎಂದರು. ಕೊಡ, ಮೆಟ್ಟಿಲು, ಗಡಿಯಾರ ಎಲ್ಲ ನೆನಪಿಸಿದೆ. “ಓ, ಮಾಡಿದ್ವೇನೋ. ನೀನು ಲೆಕ್ಕದಲ್ಲಿ ಚುರುಕಾಗಿದ್ದೆ” ಎಂದರು.

ಅರವತ್ತರ ದಶಕದ ಕೊನೆಗೆ ಅಪ್ಪನಿಗೆ ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ತೊದಲಿತು. ಅವರನ್ನು ಎತ್ತಿ ಕೂರಿಸಬೇಕು, ಮಗ್ಗುಲು ಹೊರಳಿಸಬೇಕು, ಬಟ್ಟೆ ಬದಲಿಸಬೇಕು. ಅಮ್ಮ ಸೋತುಹೋದರು. ಕೂಲಿಯವರು ಬಂದು ಎರಡು ದಿನಕ್ಕೆ ಬಿಟ್ಟರು.

“ಅವಳು ಬಂದ್ರೆ ನನಗೊಂದು ಕೈ ಆಗತ್ತೆ. ಅಣ್ಣ ನೋಡ್ಬೇಕು ಅಂತಿದಾನೆ ಅಂತ ಹೇಳಿ ಕರ್ಕೊಂಡು ಬಾ” ಎಂದರು ಅಮ್ಮ.

ಅಪ್ಪ ಹಾಗೆ ಹೇಳಿರಲಿಲ್ಲ. ಆದರೂ ಹೋದೆ.

ಪೆರಂಬೂರಿನಲ್ಲಿ ಮೆಸ್ ಹುಡುಕುವುದು ಕಷ್ಟವಾಗಲಿಲ್ಲ. ವರ್ಕ್‌ಶಾಪಿನ ಮಧ್ಯಾಹ್ನದ ಊಟದ ಹೊತ್ತು, ಉದ್ದ ಬೆಂಚುಗಳ ತುಂಬ ಎಣ್ಣೆ ಮಸಿಯ ಕೈಗಳ ಗಂಡಸರು. ಬಾಗಿಲಲ್ಲಿ ಉಡುಪಿ ಕಡೆಯ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದರು, ಮೆಸ್ ಅವರದು. ನಾನು ಯಾರೆಂದು ಹೇಳಿದೆ. ಅವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, “ಓ, ಭಾಷಣದ ಹುಡುಗಿ ನೀವೇಯಾ?” ಎಂದರು. “ಒಳಗೆ ಉಂಟು ನಿಮ್ಮ ಅತ್ತೆ. ಈಗ ಊಟದ ಗಡಿಬಿಡಿ, ಸ್ವಲ್ಪ ಕೂತ್ಕೊಳ್ಳಿ.”

ಅತ್ತೆ ಬಕೆಟ್ಟು ಹಿಡಿದು ಹೊರಬಂದರು. ಕೂದಲು ಬೆಳ್ಳಗಾಗಿತ್ತು, ಮೈ ತುಂಬಿತ್ತು. ಇಬ್ಬರು ಹೆಂಗಸರು ಅವರ ಮಾತು ಕೇಳಿಕೊಂಡು ಓಡಾಡುತ್ತಿದ್ದರು. ಕೊರಳಲ್ಲಿ ತಾಳಿ ಇರಲಿಲ್ಲ.

“ಬನ್ನಿ, ಕೂತ್ಕೊಳ್ಳಿ” ಎಂದರು ನನಗೆ. ಹುಟ್ಟಿದಾಗಿನಿಂದ ನನ್ನನ್ನು ನೀನು, ಕಣ್ಣಾ ಎಂದು ಕರೆದವರು. ಎಲೆ ಹಾಕಿಸಿದರು. ಕೆಲಸಗಾರರ ಸಾಲಿನಲ್ಲೇ ಕೂತೆ.

“ಅತ್ತೆ, ಅಪ್ಪನಿಗೆ ಕೈಕಾಲು ಬಿದ್ದಿದೆ. ನಿಮ್ಮನ್ನ ನೋಡ್ಬೇಕು ಅಂತಿದಾರೆ.”

ಅವರು ಅನ್ನ ಬಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ. “ನೋಡ್ಬೇಕು ಅಂದನಾ? ಅಥವಾ ಎತ್ತಿ ಕೂರಿಸೋಕೆ ಆಳಿಲ್ವಾ?”

ನಾನು ಅನ್ನದ ನಡುವೆ ಬೆರಳಿನಿಂದ ಗುಂಡಿ ಮಾಡತೊಡಗಿದೆ.

“ಗಂಡಾಳು ಸಿಗ್ತಾರೆ ಅಂತ ಹೇಳಿ ನಿಮ್ಮಮ್ಮಂಗೆ. ಬೇಕಾದ್ರೆ ನಾನು ಒಬ್ಬನ್ನ ಹುಡುಕಿ ಕಳಿಸ್ತೀನಿ. ನಾನು ಬರಲ್ಲ.”

“ಅತ್ತೆ, ಆವತ್ತು ಶಾಲೇಲಿ ನಾನು...” ಎಂದು ಶುರು ಮಾಡಿದೆ.

“ಹುಳಿ ಹಾಕ್ಲಾ, ಸಾರು ಹಾಕ್ಲಾ?” ಎಂದು ಕೇಳಿದರು.

“ನಾನು ಚಿಕ್ಕವಳಿದ್ದೆ.”

“ಹುಳಿ ಹಾಕ್ತೀನಿ” ಎಂದು ಬಡಿಸಿ ಪಕ್ಕದ ಎಲೆಗೆ ಹೋದರು. ಅಲ್ಲಿಂದ ಅದರಾಚೆಯದಕ್ಕೆ. ಸಾಲಿನ ಕೊನೆಯವರೆಗೆ ಹೋದವರು ತಿರುಗಿ ನನ್ನ ಕಡೆಗೆ ಬರಲಿಲ್ಲ. ಮಜ್ಜಿಗೆಯನ್ನು ಬೇರೆ ಹೆಂಗಸು ತಂದು ಹಾಕಿದಳು.

ಹೇಳಿದ ಹಾಗೆ ನಾಲ್ಕನೆಯ ದಿನ ಒಬ್ಬ ಗಟ್ಟಿಮುಟ್ಟಾದ ಆಳು ನಮ್ಮ ಮನೆಗೆ ಬಂದ. ಅಪ್ಪನನ್ನು ಕೊನೆಯವರೆಗೆ ಅವನೇ ನೋಡಿಕೊಂಡ. ಅಪ್ಪ ಐದಾರು ತಿಂಗಳಲ್ಲಿ ಹೋದರು. ನಾನು ಪೆರಂಬೂರಿಗೆ ಕಾರ್ಡು ಬರೆದೆ. ಅತ್ತೆ ಬರಲಿಲ್ಲ, ಹತ್ತನೆಯ ದಿನಕ್ಕೂ ಇಲ್ಲ, ವೈಕುಂಠ ಸಮಾರಾಧನೆಗೂ ಇಲ್ಲ. ಎಲ್ಲ ಮುಗಿದ ಮೇಲೆ ಮೆಸ್ಸಿನ ಹೆಂಗಸಿನ ಕೈಬರಹದಲ್ಲಿ ಒಂದು ಉತ್ತರ ಬಂತು. ‘ನಿಮ್ಮ ಕಾರ್ಡನ್ನು ನಿಮ್ಮ ಅತ್ತೆಗೆ ಓದಿ ಹೇಳಿದೆ. ಅವರು ತಲೆಗೆ ಸ್ನಾನ ಮಾಡಿ ಬಂದು, ಅಂದು ಒಲೆಯ ಮುಂದೆ ಹೋಗದೆ ಹೊರಗೆ ಕೂತಿದ್ದರು. ನಿಮಗೆ ಏನಾದರೂ ಬರೆಯಬೇಕೇ ಎಂದು ಎರಡು ಸಲ ಕೇಳಿದೆ, ಏನೂ ಇಲ್ಲ ಎಂದರು’ ಎಂದು ಅದರಲ್ಲಿತ್ತು.